ನಾಲ್ಕು ಗಜ ನೀಲಿ ಬಟ್ಟೆ

ನಮ್ಮಣ್ಣ ಎನಾಕ್ ಪಿಮ್ ಊರಿನವರನ್ನು ಬೆನ್ನು ನೋಡಿ ಗುರುತಿಸುತ್ತಿದ್ದ. ಕಿಟಕಿಗೆ ಒತ್ತಿಕೊಂಡಿದ್ದ ಅಗಲ ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಬೆಳಕಿರುವ ತನಕ ಇಳಿಯುತ್ತಿರಲಿಲ್ಲ. ಬೀದಿಯಲ್ಲಿ ಯಾರಾದರೂ ಹಾದುಹೋದರೆ ಸೂಜಿ ನಿಲ್ಲಿಸದೆ ಹೇಳುತ್ತಿದ್ದ: "ಪೀಪಾಯಿ ಮಾಡೋ ಹೈರಮ್ ಹೋದ ನೋಡು ಡಾರ್ಕಸ್. ಬಲಸೊಂಟ ಮತ್ತೆ ಇಳಿದಿದೆ. ಭಾರ ಎತ್ಬೇಡ ಅಂದ್ರೆ ಕೇಳಲ್ಲ." ನಾನು ಕೆಳಗೆ ಮೊಣಕಾಲೆತ್ತರದ ಸ್ಟೂಲಿನ ಮೇಲೆ ಕೂತು ಕಾಜಾ ಹಾಕುತ್ತಲೋ ಒಳಗಿನ ಅಸ್ತರು ಹೊಲಿಯುತ್ತಲೋ ಇರುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ಹೈರಮ್ ತಿರುವು ದಾಟಿರುತ್ತಿದ್ದ.

ವೆಸ್ಟ್‌ಕೋವ್ ಆಗ ಸಣ್ಣ ಊರು. ಕನೆಕ್ಟಿಕಟ್ ಸೀಮೆಯ ಕಡಲಂಚಿನಲ್ಲಿ ಒಂದು ಹಡಗುಕಟ್ಟೆ, ಒಂದು ಪ್ರಾರ್ಥನಾ ಮಂದಿರ, ಅದರ ಮುಂದೆ ಹುಲ್ಲುಬಯಲು. ಮರದ ದಿಮ್ಮಿ, ಉಪ್ಪುಮೀನು ಹೇರಿಕೊಂಡು ಹೋದ ಹಡಗುಗಳು ದಕ್ಷಿಣದ ದ್ವೀಪಗಳಿಂದ ಕಾಕಂಬಿ, ರಮ್ಮು ತರುತ್ತಿದ್ದವು. ಊರಿಗೆಲ್ಲ ಇದ್ದ ದರ್ಜಿ ನಮ್ಮಣ್ಣನೊಬ್ಬನೇ. ಬಟ್ಟೆ ಗಿರಾಕಿಯೇ ತರಬೇಕು. ದರ್ಜಿಯದು ಕತ್ತರಿ, ಸೂಜಿ, ನೂಲು, ನೂಲಿಗೆ ಸವರುವ ಜೇನುಮೇಣ, ಸೂಜಿ ಚುಚ್ಚದಂತೆ ನಡುಬೆರಳಿಗೆ ತೊಡುವ ಹಿತ್ತಾಳೆ ಅಂಗುಸ್ತಾನ, ಒಲೆಯಲ್ಲಿ ಕಾಯಿಸುವ ಕಬ್ಬಿಣದ ಇಸ್ತ್ರಿ. ಇಸ್ತ್ರಿಯ ಹಿಡಿ ಬಾಗಿದ ಕೊರಳಿನ ಹಾಗೆ ಇದ್ದುದರಿಂದ ಅದನ್ನು ಹೆಬ್ಬಾತು ಅನ್ನುತ್ತಿದ್ದರು. ಹಲಗೆಯ ಕೆಳಗೊಂದು ಪೆಟ್ಟಿಗೆ. ಕತ್ತರಿಸುವಾಗ ಉದುರಿದ ಚೂರೆಲ್ಲ ಅದಕ್ಕೆ. ಆ ಪೆಟ್ಟಿಗೆಗೆ ದರ್ಜಿಗಳು ಇಟ್ಟ ಹೆಸರು ನರಕ. ಅಲ್ಲಿಗೆ ಬಿದ್ದದ್ದು ವಾಪಸು ಬರುವುದಿಲ್ಲ ಅಂತ ಗಿರಾಕಿಗಳ ನಗೆಮಾತು. ನಗುವಾಗಲೂ ಅವರ ಕಣ್ಣು ಮಾತ್ರ ಕತ್ತರಿಯ ಮೇಲೇ ಇರುತ್ತಿತ್ತು.

ಇನ್ನು ಅಳತೆ. ಆಳುದ್ದದ ಕಾಗದದ ಪಟ್ಟಿ ಒಂದೊಂದು ಮೈಗೆ ಒಂದೊಂದು. ಕತ್ತಿನಿಂದ ಸೊಂಟಕ್ಕೆ ಕತ್ತರಿಯಲ್ಲಿ ಹಾಕಿದ ಒಂದು ಕಚ್ಚು, ಭುಜದಿಂದ ಮೊಣಕೈಗೆ ಒಂದು, ಎದೆ ಸುತ್ತಿಗೆ ಜೋಡಿ ಕಚ್ಚು, ಹೊಟ್ಟೆ ಸುತ್ತಿಗೆ ಓರೆ ಕಚ್ಚು. ಅಂಕಿ ಇಲ್ಲ, ಹೆಸರೂ ಇಲ್ಲ. ಅಣ್ಣನಿಗೆ ಕೆಲಸ ಕಲಿಸಿದ ಮುದುಕನಿಗೆ ಬರವಣಿಗೆ ಬರುತ್ತಿರಲಿಲ್ಲ. ಯಾರ ಪಟ್ಟಿ ಅನ್ನುವುದಕ್ಕೆ ಆ ಗಿರಾಕಿ ತಂದ ಮೊದಲ ಬಟ್ಟೆಯ ನೂಲನ್ನು ಪಟ್ಟಿಯ ತುದಿಗೆ ಗಂಟು ಹಾಕುವುದು ಅವನ ರೂಢಿ. ಅಣ್ಣನೂ ಅದನ್ನೇ ಹಿಡಿದ. ಗೋಡೆಯ ಮೊಳೆಗೆ ಊರಿನವರೆಲ್ಲ ಪಟ್ಟಿಗಳಾಗಿ ನೇತಾಡುತ್ತಿದ್ದರು. ಗಾಳಿ ಬೀಸಿದರೆ ಎಲ್ಲರೂ ಒಟ್ಟಿಗೆ ಸರಸರ ಅನ್ನುತ್ತಿದ್ದರು.

ಲೆಮ್ಯುಯೆಲ್ ಗಾರ್ತ್‌ನ ಪಟ್ಟಿಗೆ ಕೆಂಪು ನೂಲು. ಆ ಹೆಸರು ಬರೆಯುವಾಗ ಈಗಲೂ ನನ್ನ ಬೆರಳು ಬಿಗಿಯುತ್ತದೆ.

ಗಾರ್ತ್‌ಗೆ ಮೂರು ಹಡಗಿದ್ದವು. ಜಾರ್ಜ್ ದೊರೆಯ ಹೆಸರಿನಲ್ಲಿ ನಮ್ಮೂರಿಗೆ ನ್ಯಾಯಾಧಿಕಾರಿಯಾದ ವರ್ಷ ಲಂಡನ್ನಿನಿಂದ ನೀಲಿ ಉಣ್ಣೆಬಟ್ಟೆ ತರಿಸಿದ. ಸರಿಯಾಗಿ ನಾಲ್ಕು ಗಜ. ಅದನ್ನು ತಾನೇ ಹೊತ್ತು ತಂದು ಹಲಗೆಯ ಮೇಲೆ ಹಾಕಿದ.

"ಹಳೇ ಪಟ್ಟಿ ಇದೆಯಲ್ಲ, ಅದರ ಪ್ರಕಾರ ಕತ್ತರಿಸು. ನಾನೇನು ಬದಲಾಗಿಲ್ಲ," ಅಂದ.

"ಒಂದ್ಸಲ ಅಳತೆ ತಗೊಂಡ್ಬಿಡ್ತೀನಿ ಸಾಹುಕಾರ್ರೇ. ಬೆಲೆಬಾಳೋ ಬಟ್ಟೆ."

"ಅಳೆ, ಅಳೆ. ಐದು ವರ್ಷದಿಂದ ಒಂದೇ ಮೈ ನನ್ನದು."

ಉಸಿರು ಎಳೆದುಕೊಂಡು ನಿಂತ. ಅಣ್ಣ ಹೊಸ ಕಾಗದ ಸುತ್ತಿ, ತುದಿಯನ್ನು ಬೆರಳಿನಲ್ಲಿ ಒತ್ತಿ ಹಿಡಿದು, ಹಡಗಿನ ವಿಷಯ ಎತ್ತಿದ. ಗಾರ್ತ್ ಉತ್ತರ ಕೊಡಲು ಬಾಯಿ ತೆರೆದ, ಹೊಟ್ಟೆ ಮುಂದೆ ಬಂತು, ಅಣ್ಣ ಕಚ್ಚು ಹಾಕಿದ. ಹೊಸ ಕಚ್ಚು ಹಳೆಯದಕ್ಕಿಂತ ನಾಲ್ಕು ಬೆರಳು ಆಚೆಗಿತ್ತು. ಗಾರ್ತ್‌ಗೆ ಅಣ್ಣ ಅದನ್ನು ಹೇಳಲಿಲ್ಲ. ಹೇಳಬೇಕಾಗಿತ್ತು ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ದೊಡ್ಡವರ ಹೊಟ್ಟೆಯ ವಿಷಯ ದರ್ಜಿ ಬಾಯಿಬಿಟ್ಟು ಹೇಳುವಂತಿಲ್ಲ. ಸುಮ್ಮನೆ ಬಟ್ಟೆ ಕೂಡಿಸಿ ಹೊಲಿಯುವುದು ಅವನ ಕೆಲಸ.

ಕೋಟು ನಾಲ್ಕು ಗಜವನ್ನೂ ತಿಂದಿತು. ಸೊಂಟದ ಕೆಳಗಿನ ನೆರಿಗೆಗೆ ಬಟ್ಟೆ ಸಾಲದೆ ಅಣ್ಣ ತುಂಡು ಸೇರಿಸಿ, ಸೇರಿಸಿದ್ದು ಕಾಣದ ಹಾಗೆ ಹೊಲಿದ. ಗಾರ್ತ್ ತೊಟ್ಟು ನೋಡಿದ, ಕನ್ನಡಿಯಲ್ಲಿ ಹಿಂದೆ ಮುಂದೆ ತಿರುಗಿದ, ಬಹಳ ಚೆನ್ನಾಗಿದೆ ಅಂದ. ಆಮೇಲೆ ಕೇಳಿದ: "ಹೋದ ಸಲ ಮೂರು ಗಜದಲ್ಲಿ ಆಗಿತ್ತು. ಉಳಿದ ಒಂದು ಗಜ ಎಲ್ಲಿ?"

"ನಿಮ್ಮ ಮೈಮೇಲಿದೆ ಸಾಹುಕಾರ್ರೇ."

ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಇಬ್ಬರೂ ನಕ್ಕುಬಿಟ್ಟರು. ಅಷ್ಟೇ ಆದದ್ದು. ಆ ನಗು ಇಲ್ಲದಿದ್ದರೆ ಬಹುಶಃ ಅವನು ಗೊಣಗಿಕೊಂಡು ಹೋಗಿಬಿಡುತ್ತಿದ್ದ. ಸಂಜೆಗೆ ಮುಂಚೆ ಪೇದೆ ಬಂದು ನರಕದ ಪೆಟ್ಟಿಗೆಯನ್ನು ನೆಲಕ್ಕೆ ಸುರಿದ. ನೀಲಿ ಚೂರುಗಳು ಸಿಕ್ಕವು. ಒಂದು ಹಿಡಿಯೂ ತುಂಬದಷ್ಟು, ಯಾವುದೂ ಎರಡು ಬೆರಳಿಗಿಂತ ಅಗಲವಿಲ್ಲ.

ದೂರು ಕೊಟ್ಟವನೇ ತೀರ್ಪು ಕೊಡುವಂತಿಲ್ಲ ಅಂತ ಅವತ್ತು ಪೀಠದ ಮೇಲೆ ಕೂತಿದ್ದವನು ಗಾರ್ತ್‌ನ ಹೆಂಡತಿಯ ಅಣ್ಣ. ನಮ್ಮಣ್ಣ ಎರಡು ಪಟ್ಟಿಯನ್ನೂ ಅವನ ಮುಂದೆ ಚಾಚಿದ. "ಇದು ಹಳೇದು, ಇದು ಹೊಸದು. ಕೋಟು ಬಿಚ್ಚಿಸಿ ಹೊಲಿಗೆ ಮೇಲೆ ಇಟ್ಟು ನೋಡಿ. ಯಾವುದಕ್ಕೆ ಸರಿಹೋಗುತ್ತೆ ಅಂತ ನಿಮಗೇ ಕಾಣುತ್ತೆ."

ಗಾರ್ತ್ ಆ ಕೋಟನ್ನೇ ತೊಟ್ಟು ನಿಂತಿದ್ದ. "ಕಳ್ಳ ಹೇಳ್ದ ಅಂತ ನಾನು ಇಲ್ಲಿ ಬಟ್ಟೆ ಬಿಚ್ಬೇಕಾ?" ಅಂದ. ಪಟ್ಟಿಗಳನ್ನು ಎರಡು ಬೆರಳಲ್ಲಿ ಎತ್ತಿ ಸಭೆಗೆಲ್ಲ ತೋರಿಸಿದ. "ನೋಡಿ ಇವನ ಸಾಕ್ಷಿ. ಅಕ್ಷರ ಇಲ್ಲ, ಅಂಕಿ ಇಲ್ಲ. ಇಲಿ ಕಡಿದ ಕಾಗದ. ಇದು ನನ್ನ ಮೈ ಅಂತೆ!"

ಸಭೆ ನಕ್ಕಿತು. ಈ ಸಲ ನಗು ಅವನ ಕಡೆಗಿತ್ತು.

ಅಣ್ಣನಿಗೆ ಹತ್ತು ಛಡಿಯೇಟು ಹೊಡೆದರು. ಆಮೇಲೆ ನೀಲಿ ಚೂರುಗಳನ್ನು ಎದೆಗೆ ಪಿನ್ನು ಚುಚ್ಚಿ, ಸೂರ್ಯ ಮುಳುಗುವ ತನಕ ಮಂದಿರದ ಮುಂದಿನ ಹುಲ್ಲುಬಯಲಿನಲ್ಲಿ ನಿಲ್ಲಿಸಿದರು. ಅಣ್ಣನಿಗೂ ಮೆಹಿಟಬೆಲ್ ಅನ್ನುವವಳಿಗೂ ಮದುವೆ ಗೊತ್ತಾಗಿ, ಮಂದಿರದ ಬಾಗಿಲಿಗೆ ಅವರಿಬ್ಬರ ಹೆಸರಿನ ಚೀಟಿ ಅಂಟಿಸಿತ್ತು. ಅಣ್ಣ ನಿಂತ ಜಾಗಕ್ಕೆ ಆ ಬಾಗಿಲು ಚೆನ್ನಾಗಿ ಕಾಣುತ್ತಿತ್ತು. ಮಧ್ಯಾಹ್ನ ಮೆಹಿಟಬೆಲ್‌ಳ ಅಪ್ಪ ಬಂದು, ಅಣ್ಣನ ಕಡೆ ತಿರುಗಿಯೂ ನೋಡದೆ, ಚೀಟಿ ಹರಿದು ಜೇಬಿಗೆ ಹಾಕಿಕೊಂಡು ಹೋದ. ಮುಂದಿನ ವಸಂತದಲ್ಲಿ ಅವಳನ್ನು ಹೈರಮ್‌ಗೆ ಕೊಟ್ಟರು.

ಬೆನ್ನು ಮಾಯುವ ತನಕ ಅಣ್ಣನಿಗೆ ಬಗ್ಗಿ ಕೂರಲು ಆಗಲಿಲ್ಲ. ನಿಂತೇ ಹೊಲಿದ. "ಬಾಸ್ಟನ್‌ಗೋ ನ್ಯೂಯಾರ್ಕ್‌ಗೋ ಹೋಗೋಣ ಅಣ್ಣ, ಕತ್ತರಿ ಇದ್ದ ಕಡೆ ಅನ್ನ," ಅಂದೆ.

"ಹೋದ್ರೆ ಕಳ್ಳ ಓಡಿಹೋದ ಅಂತಾರೆ. ಕೋಟಿಗೆ ಬಟ್ಟೆಯೆಲ್ಲ ಹಿಡೀತು ಅಂತ ಅವನ ಬಾಯಲ್ಲೇ ಬರ್ಬೇಕು. ಈ ಊರಲ್ಲೇ, ಈ ಜನರ ಮುಂದೆಯೇ ಬರ್ಬೇಕು. ಅಲ್ಲಿ ತನಕ ಈ ಹಲಗೆ ಬಿಡಲ್ಲ ನಾನು."

ಬಿಡಲಿಲ್ಲ. ಹದಿನೇಳು ವರ್ಷ ಕೂತ.

ಬೇರೆ ದರ್ಜಿ ಇಲ್ಲದ್ದರಿಂದ ಜನ ಮತ್ತೆ ಬಂದರು. ಬಂದವರು ಬಟ್ಟೆ ಬಿಟ್ಟು ಹೋಗುತ್ತಿರಲಿಲ್ಲ. ಕತ್ತರಿಸುವುದು ಮುಗಿಯುವ ತನಕ ಎದುರು ಕೂತಿರುತ್ತಿದ್ದರು. "ಏನೋ ಎನಾಕ್, ನನ್ನ ಚಡ್ಡೀಲಿ ನಿನ್ನ ಪಾಲೆಷ್ಟೋ?" ಅಂತ ತಮಾಷೆ ಬೇರೆ. ಅಣ್ಣ ಕತ್ತರಿಸಿ ಮುಗಿಸಿ, ನೆಲದ ಮೇಲೆ ಬಿದ್ದ ಚೂರನ್ನೆಲ್ಲ ಆಯ್ದು, ಪೊಟ್ಟಣ ಕಟ್ಟಿ ಕೈಗೆ ಕೊಡುತ್ತಿದ್ದ. ಯಾರು ಬೇಕು ಅಂದರೂ ಬೇಡ ಅಂದರೂ ಪೊಟ್ಟಣ ಅವರ ಕೈಗೆ ಹೋಗಲೇಬೇಕು. ನರಕದ ಪೆಟ್ಟಿಗೆಯಲ್ಲಿ ಜೇಡ ಬಲೆ ಕಟ್ಟಿತು.

ಗಾರ್ತ್‌ನ ಎರಡು ಪಟ್ಟಿಗಳನ್ನು ಅಣ್ಣ ಮೊಳೆಯಿಂದ ತೆಗೆದು ತನ್ನ ಒಳಕೋಟಿನ ಅಸ್ತರಿನೊಳಗೆ ಇಟ್ಟು ಹೊಲಿದುಕೊಂಡಿದ್ದ. ವರ್ಷಕ್ಕೊಮ್ಮೆ, ಛಡಿಯೇಟು ಬಿದ್ದ ದಿನ, ಹೊಲಿಗೆ ಬಿಚ್ಚಿ ಹೊರಗೆ ತೆಗೆದು, ಕಾಗದ ಪುಡಿಯಾಗದ ಹಾಗೆ ಜೇನುಮೇಣ ಸವರಿ, ಮತ್ತೆ ಒಳಗಿಟ್ಟು ಹೊಲಿಯುತ್ತಿದ್ದ. ನಾನು ನೂಲು ಪೋಣಿಸಿ ಕೊಡುತ್ತಿದ್ದೆ. ಮಂದಿರದಲ್ಲಿ ಮೊಣಕಾಲೂರಿ ನಾನು ದೇವರಲ್ಲಿ ಏನು ಕೇಳಿಕೊಳ್ಳುತ್ತಿದ್ದೆ ಅನ್ನುವುದು ಪಾದ್ರಿಗಳಿಗೆ ಗೊತ್ತಾಗಿದ್ದರೆ ನನ್ನನ್ನು ಒಳಕ್ಕೇ ಬಿಡುತ್ತಿರಲಿಲ್ಲ.

ಗಾರ್ತ್ ಮುಂದೆ ಬಾಸ್ಟನ್ನಿನಲ್ಲಿ ಹೊಲಿಸಿದ. ಆದರೂ ಆ ನೀಲಿ ಕೋಟನ್ನು ಬಿಡಲಿಲ್ಲ. ನ್ಯಾಯ ನಡೆಸುವ ದಿನಕ್ಕೆ ಅದೇ, ಭಾನುವಾರದ ಸಬ್ಬತ್ ಪ್ರಾರ್ಥನೆಗೆ ಅದೇ. ನಮ್ಮ ಕಿಟಕಿಯ ಮುಂದೆಯೇ ಹಾದು ಹೋಗುತ್ತಿದ್ದ. ಅಣ್ಣ ಅವನ ಬೆನ್ನನ್ನು ತಿರುವಿನ ತನಕ ನೋಡುತ್ತಿದ್ದ.

"ಒಂದು ಹೊಲಿಗೆ ಬಿಟ್ಟಿಲ್ಲ ನೋಡು," ಅನ್ನುತ್ತಿದ್ದ. "ಒಳ್ಳೇ ಕೋಟು."

ಹದಿನೈದನೆಯ ವರ್ಷ ಗಾರ್ತ್‌ನ ಒಬ್ಬನೇ ಮಗ ಏಸಾ ಬಂದ. ಹತ್ತೊಂಬತ್ತರ ಪ್ರಾಯ, ಅಪ್ಪನ ಹಡಗಿನಲ್ಲೇ ನಾವಿಕ. ಕಂಕುಳಲ್ಲಿ ಕಂದು ಬಟ್ಟೆಯ ಸುರುಳಿ.

"ನಿಮ್ಮಪ್ಪನಿಗೆ ಗೊತ್ತೇನಪ್ಪ, ನೀನಿಲ್ಲಿಗೆ ಬಂದಿರೋದು?" ಅಂದೆ ನಾನು.

"ನಮ್ಮಪ್ಪನ ಜಗಳ ನಮ್ಮಪ್ಪನಿಗೆ ಡಾರ್ಕಸಮ್ಮ. ಬಾಸ್ಟನ್‌ನೋರು ಹೊಲಿದ ಅಂಗಿ ನನಗೆ ಯಾವತ್ತೂ ಸರಿಯಾಗಿ ಕೂತಿಲ್ಲ. ಎಡಗಡೆ ಜೋತು ಬೀಳುತ್ತೆ."

ಅಣ್ಣ ಅವನನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಕಾಗದ ಸುತ್ತಿ, ಭುಜದ ಹತ್ತಿರ ಕೈ ನಿಲ್ಲಿಸಿದ. "ಯಾವಾಗ ಮುರೀತು ಇದು?"

ಏಸಾ ಬಾಗಿಲ ಕಡೆ ನೋಡಿದ. ಹೇಳಿದ್ದು ನೆಲ ನೋಡಿಕೊಂಡು. ಹನ್ನೊಂದು ವರ್ಷದವನಿದ್ದಾಗ ಎತ್ತರ ಕಂಡರೆ ಅವನಿಗೆ ಹೆದರಿಕೆಯಂತೆ. ಹೆದರಿಕೆ ಬಿಡಿಸುತ್ತೇನೆ ಅಂತ ಅಪ್ಪ ಕಟ್ಟೆಗೆ ಬಿಗಿದಿದ್ದ ಹಡಗಿನ ಕಂಬ ಹತ್ತಿಸಿದ. ಅರ್ಧಕ್ಕೆ ಕೈಜಾರಿ ಹಡಗಿನ ಹಲಗೆನೆಲಕ್ಕೆ ಬಿದ್ದ. ಅತ್ತರೆ ಮತ್ತೆ ಹತ್ತಿಸುತ್ತೇನೆ ಅಂದನಂತೆ ಅಪ್ಪ. ಇವನು ಅಳಲಿಲ್ಲ. ಏನೂ ಆಗಿಲ್ಲ ಅಂದ. ಮೂಳೆ ತನ್ನಷ್ಟಕ್ಕೆ ಸೊಟ್ಟಗೆ ಕೂಡಿಕೊಂಡಿತು.

"ಅಪ್ಪನಿಗೆ ಇವತ್ತಿಗೂ ಗೊತ್ತಿಲ್ಲ ಎನಾಕ್ ಮಾಮ. ನೀವೂ ಹೇಳ್ಬೇಡಿ."

"ಪಟ್ಟಿ ಮಾತಾಡಲ್ಲ ಬಿಡು," ಅಂದ ಅಣ್ಣ. ಎಡ ಭುಜಕ್ಕೆ ಒಳಗಿನಿಂದ ಉಣ್ಣೆ ತುಂಬಿ ಎರಡನ್ನೂ ಸಮ ಮಾಡಿದ. ಆ ಅಂಗಿ ತೊಟ್ಟರೆ ಏಸಾ ಹಡಗಿನ ಕಂಬದ ಹಾಗೆ ನೆಟ್ಟಗೆ ಕಾಣುತ್ತಿದ್ದ.

ಅವನು ಹೋದ ಮೇಲೆ ನಾನು ಸಿಡುಕಿದೆ. "ಆ ಮನೆಯವರ ಬಟ್ಟೆ ಯಾಕೆ ಮುಟ್ಟಿದೆ?"

ಅಣ್ಣ ಪಟ್ಟಿಗೆ ಕಂದು ನೂಲು ಕಟ್ಟುತ್ತಿದ್ದ. "ಗಾರ್ತ್ ಮನೇದೊಂದು ನನ್ನ ಮೊಳೇಲಿ ನೇತಾಡ್ತಾ ಇರಲಿ," ಅಂದ.

ಆದರೂ ಹುಡುಗ ಬರುತ್ತಾ ಹೋದ. ಪ್ರತಿ ಸಲ ಹಡಗು ಇಳಿದಾಗಲೂ ನನಗೊಂದು ಗಡಿಗೆ ಕಾಕಂಬಿ, ಅಣ್ಣನಿಗೆ ಒಂದು ಬುಡ್ಡಿ ರಮ್ಮು. ನಾನು ಮಾಡಿದ ಜೋಳದ ರೊಟ್ಟಿಗೆ ಕಾಕಂಬಿ ಸುರಿದುಕೊಂಡು ಹಲಗೆಯ ಅಂಚಿನಲ್ಲಿ ಕೂತು ತಿನ್ನುತ್ತಿದ್ದ. ಅಣ್ಣ ಬೈಯುತ್ತಿದ್ದ, "ಬಟ್ಟೆಗೆ ಅಂಟಿಸಿದ್ರೆ ನೋಡು." ಬೈಗುಳಕ್ಕೆ ಬಿಸಿ ಇರುತ್ತಿರಲಿಲ್ಲ.

ಎರಡು ವರ್ಷ ಹೀಗೆ. ಆಮೇಲೆ ಆ ನವೆಂಬರ್.

ಗಾರ್ತ್‌ನ ಹಡಗು ಮನೆಗೆ ವಾಪಸು ಬರುವಾಗ ಕೊಲ್ಲಿಯ ಬಾಯಲ್ಲಿ ಬಂಡೆಗೆ ಬಡಿಯಿತು. ಹಡಗಿನಲ್ಲಿದ್ದವರು ಏಳು ಜನ. ಶನಿವಾರ ಮಧ್ಯಾಹ್ನಕ್ಕೆ ಐದು ಹೆಣ ದಡಕ್ಕೆ ಬಂದವು. ಇನ್ನಿಬ್ಬರನ್ನು ಕಡಲು ಕೊಡಲಿಲ್ಲ. ಈಜಲಿಕ್ಕೆಂದು ಅಂಗಿ, ಬೂಟು ಬಿಚ್ಚಿ ಎಸೆದಿದ್ದರು; ಉಳಿದ ಬಟ್ಟೆ ಅಲೆ ಕಿತ್ತುಕೊಂಡಿತ್ತು. ಮುಖಗಳನ್ನು ಬಂಡೆ ಉಳಿಸಿರಲಿಲ್ಲ. ಹಡಗಿನ ಹಾಯಿ ಹೊಲಿಯುವ ಅಟ್ಟದಲ್ಲಿ ಸಾಲಾಗಿ ಮಲಗಿಸಿದರು. ಇಬ್ಬರನ್ನು ವಯಸ್ಸಿನ ಮೇಲೆ, ಹಳೇ ಗಾಯದ ಮೇಲೆ ಮನೆಯವರು ಗುರುತು ಹಿಡಿದರು. ಉಳಿದ ಮೂವರೂ ಒಂದೇ ಪ್ರಾಯ, ಒಂದೇ ಎತ್ತರ, ಒಂದೇ ಕಂದು ಕೂದಲು. ಏಸಾ ಆ ಮೂವರಲ್ಲಿ ಇದ್ದಾನೋ, ಇನ್ನೂ ನೀರಿನಲ್ಲಿದ್ದಾನೋ, ಹೆತ್ತವನಿಗೇ ಗೊತ್ತಾಗಲಿಲ್ಲ. ಮಂಗಳವಾರ ಮಣ್ಣು ಮಾಡುವುದು ಅಂತ ಗೊತ್ತಾಯಿತು. ಗುರುತು ಸಿಗದವರಿಗೆ ಸ್ಮಶಾನದ ಅಂಚಿನಲ್ಲಿ ಒಂದೇ ಗುಂಡಿ, ಮೇಲೆ ಹೆಸರಿಲ್ಲ.

ಆ ಶನಿವಾರವೇ ಸಂಜೆಗೆ ಮುಂಚೆ ಗಾರ್ತ್ ನಮ್ಮ ಹೊಸ್ತಿಲು ದಾಟಿದ. ಹದಿನೇಳು ವರ್ಷದಲ್ಲಿ ಅದೇ ಮೊದಲು. ಟೋಪಿ ಕೈಯಲ್ಲಿತ್ತು.

"ಎನಾಕ್, ನನ್ನ ಮಗನ ಅಳತೆ ನಿನ್ನ ಹತ್ರ ಇದೆಯಂತೆ."

"ಇದೆ."

"ತಗೊಂಡು ಬಾ. ಒಂದ್ಸಲ ಇಟ್ಟು ನೋಡು."

ಅಣ್ಣ ಸೂಜಿಯನ್ನು ತೋಳಿಗೆ ಚುಚ್ಚಿಕೊಂಡು, ಮೊಳೆಯಿಂದ ಕಂದು ನೂಲಿನ ಪಟ್ಟಿ ತೆಗೆದು ಚಾಚಿದ. "ತಗೊಳ್ಳಿ. ನೀವೇ ಇಟ್ಟು ನೋಡಿ."

ಗಾರ್ತ್ ಅದನ್ನು ಹಿಂದೆ ಮುಂದೆ ತಿರುಗಿಸಿದ. "ಇದರಲ್ಲಿ ಏನೂ ಇಲ್ವಲ್ಲೋ. ಬರೀ ಕಚ್ಚು. ನನಗೆ ಹೇಗೆ ತಿಳೀಬೇಕು?"

"ಅಕ್ಷರ ಇಲ್ಲ, ಅಂಕಿ ಇಲ್ಲ," ಅಂದ ಅಣ್ಣ. "ಇಲಿ ಕಡಿದ ಕಾಗದ."

ಗಾರ್ತ್‌ನ ಮುಖ ನಿಧಾನಕ್ಕೆ ಬೆಳ್ಳಗಾಯಿತು. ತಾನೇ ಆಡಿದ ಮಾತು, ಅವನಿಗೂ ನೆನಪಿತ್ತು. ನನ್ನ ಎದೆಯೊಳಗೆ ಏನೋ ಕುಣಿಯಿತು. ಅದನ್ನು ಸಂತೋಷ ಅಂತಲೇ ಕರೆಯಬೇಕು. ಅಟ್ಟದಲ್ಲಿ ಹೆಣಗಳಿದ್ದಾಗ ಹಾಗೆ ಅನಿಸಬಾರದಿತ್ತು, ಅನಿಸಿತು.

"ಏನು ಬೇಕು ನಿನಗೆ?"

"ನಾಳೆ ಸಬ್ಬತ್. ನೀಲಿ ಕೋಟು ತೊಟ್ಕೊಂಡು ಬನ್ನಿ. ಉಪದೇಶ ಮುಗಿದ ಮೇಲೆ ತಪ್ಪೊಪ್ಪಿಕೊಳ್ಳೋರು ನಿಲ್ತಾರಲ್ಲ, ಆ ಜಾಗದಲ್ಲಿ ನಿಲ್ಲಿ. ಕೋಟು ಬಿಚ್ಚಿ ಕೊಡಿ. ಅವತ್ತು ನಾನು ಕೇಳ್ಕೊಂಡಿದ್ದು ಅಷ್ಟೇ. ಆಮೇಲೆ ನಾನು ಅಟ್ಟಕ್ಕೆ ಬರ್ತೀನಿ."

"ನನ್ನ ಮಗ ಸತ್ತು ಮಲಗಿದಾನೆ ಕಣೋ!"

"ಮಲಗಿದಾನೋ ಇಲ್ವೋ, ಅದು ತಾನೇ ನಿಮಗೆ ಗೊತ್ತಾಗ್ಬೇಕಿರೋದು."

ಗಾರ್ತ್ ಪಟ್ಟಿಯನ್ನು ಹಲಗೆಯ ಮೇಲಿಟ್ಟು ಹೊರಟುಹೋದ. ಬಾಗಿಲು ಹಾಕಿಕೊಳ್ಳಲೂ ಇಲ್ಲ. ಬಾಗಿಲು ಹಾಕಿ ಬಂದು ನಾನು ಹೇಳಿದೆ, "ಅಣ್ಣ, ಏಸಾ ನಮ್ಮ ರೊಟ್ಟಿ ತಿಂದ ಹುಡುಗ."

"ನನಗೆ ಗೊತ್ತಿಲ್ವಾ? ಅವನಪ್ಪ ಬರದೆ ಹೋದ್ರೂ ನಾಳೆ ಸಂಜೆ ಹೋಗಿ ಹುಡುಕ್ತೀನಿ. ಆದ್ರೆ ಅದು ಗಾರ್ತ್‌ಗೆ ಗೊತ್ತಾಗೋದು ಬೇಡ."

ಮರುದಿನ ಮಂದಿರದಲ್ಲಿ ಉಸಿರು ಹೊಗೆಯಾಗಿ ಕಾಣುವಷ್ಟು ಚಳಿ. ಉಪದೇಶ ಎರಡು ಗಂಟೆ ನಡೆಯಿತು. ಅದು ಯಾವುದರ ಮೇಲೆ ಅಂತ ಕೇಳಿದರೆ ನಾನು ಹೇಳಲಾರೆ; ಮುಂದಿನ ಸಾಲಿನ ನೀಲಿ ಬೆನ್ನನ್ನೇ ನೋಡುತ್ತಿದ್ದೆ. ಪಾದ್ರಿಗಳು ಪುಸ್ತಕ ಮುಚ್ಚಿದರು. ಯಾರೂ ಅಲ್ಲಾಡಲಿಲ್ಲ. ಆಮೇಲೆ ಆ ಬೆನ್ನು ಎದ್ದಿತು.

ಗಾರ್ತ್ ಸಾಲುಗಳ ನಡುವಿನ ಹಾದಿಯಲ್ಲಿ ನಿಂತು ಗುಂಡಿ ಬಿಚ್ಚತೊಡಗಿದ. ಗುಂಡಿಗಳು ಬಹಳ, ಬೆರಳು ಮರಗಟ್ಟಿದ್ದವು, ಹೊತ್ತು ಹಿಡಿಯಿತು. ಯಾರೂ ನೆರವಿಗೆ ಹೋಗಲಿಲ್ಲ. ಕೋಟಿಲ್ಲದೆ ಬರೀ ಅಂಗಿಯಲ್ಲಿ ನಿಂತಾಗ ಹೊಟ್ಟೆ ಇಡೀ ಊರಿಗೆ ಕಂಡಿತು. ಅಣ್ಣ ಮುಂದೆ ಹೋಗಿ ಕೋಟನ್ನು ಹಿರಿಯರ ಬೆಂಚಿನ ಮೇಲೆ ಹಾಸಿದ. ತನ್ನ ಒಳಕೋಟಿನ ಅಸ್ತರು ಹರಿದು ಮೇಣದ ಪಟ್ಟಿಗಳನ್ನು ತೆಗೆದ.

"ಪಾದ್ರಿಗಳೇ, ಈ ತುದಿ ಹಿಡ್ಕೊಳ್ಳಿ," ಅಂದ.

ಹಳೆಯ ಪಟ್ಟಿಯನ್ನು ಇಟ್ಟ. ಕತ್ತು ಸರಿ, ಬೆನ್ನು ಸರಿ, ತೋಳು ಸರಿ. ಹೊಟ್ಟೆಯ ಹತ್ತಿರ ಕಚ್ಚು ಹೊಲಿಗೆಗಿಂತ ನಾಲ್ಕು ಬೆರಳು ಈಚೆಗೆ ನಿಂತಿತು. ಹೊಸದನ್ನು ಇಟ್ಟ. ಪ್ರತಿಯೊಂದು ಕಚ್ಚೂ ಪ್ರತಿಯೊಂದು ಹೊಲಿಗೆಯ ಮೇಲೆ ಕೂತಿತು. ಪಾದ್ರಿಗಳು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಹೈರಮ್ ಎದ್ದು ಬಂದು ನೋಡಿದ. ನೆರಿಗೆಯೊಳಗೆ ತುಂಡು ಸೇರಿಸಿದ ಜಾಗಗಳನ್ನು ಅಣ್ಣ ಬೆರಳಿಟ್ಟು ತೋರಿಸಿದ. ಏಳು ಕಡೆ ಸೇರಿಸಿದ್ದ.

"ಈಗ ಹೇಳಿ ಸಾಹುಕಾರ್ರೇ. ಉಳಿದ ಒಂದು ಗಜ ಎಲ್ಲಿಗೆ ಹೋಯ್ತು?"

ಗಾರ್ತ್‌ನ ತುಟಿ ಅಲ್ಲಾಡಿತು. "ನನ್ನ ಮೈಗೆ ಹೋಯ್ತು."

"ಹಿಂದಿನ ಬೆಂಚಿಗೆ ಕೇಳಿಸ್ಲಿಲ್ಲ."

ಹಿಂದಿನ ಬೆಂಚಿನಲ್ಲಿದ್ದವಳು ನಾನು. ನನಗೆ ಕೇಳಿಸಿತ್ತು. ಸುಮ್ಮನಿದ್ದೆ.

"ನನ್ನ ಮೈಗೆ ಹೋಯ್ತು! ಬಟ್ಟೆಯೆಲ್ಲ ಕೋಟಿಗೆ ಹಿಡೀತು. ಇವನು ಕದ್ದಿಲ್ಲ. ಅವತ್ತೂ ನನಗೆ ಗೊತ್ತಿತ್ತು."

ಆ ಕೊನೆಯ ಮಾತು ಹೇಳಿ ಅಂತ ಅಣ್ಣ ಕೇಳಿರಲಿಲ್ಲ. ಅದು ತಾನಾಗಿ ಬಂತು. ಅವತ್ತೂ ಗೊತ್ತಿತ್ತು. ಹೆಂಗಸರ ಸಾಲಿನಲ್ಲಿ ಮೆಹಿಟಬೆಲ್ ತಲೆ ಬಗ್ಗಿಸಿದಳು. ಅಣ್ಣನ ಕಿವಿ ಕೆಂಪಾದದ್ದು ನನಗೆ ಹಿಂದಿನಿಂದಲೇ ಕಂಡಿತು. ಪಟ್ಟಿಗಳನ್ನು ಸುತ್ತಿ ಜೇಬಿಗೆ ಹಾಕಿಕೊಂಡ.

"ನಡೀರಿ ಅಟ್ಟಕ್ಕೆ."

ಅಟ್ಟಕ್ಕೆ ಹೋದದ್ದು ನಾವು ನಾಲ್ವರು: ಅಣ್ಣ, ಗಾರ್ತ್, ಪಾದ್ರಿಗಳು, ಪಟ್ಟಿಯ ತುದಿ ಹಿಡಿಯಲು ನಾನು. ನೀರು ಕುಡಿದ ಮೈಯ ಸುತ್ತಳತೆ ನಂಬುವ ಹಾಗಿಲ್ಲ ಅಂತ ಅಣ್ಣ ಮೊದಲೇ ಹೇಳಿದ. ಎಲುಬಿನ ಅಳತೆಯನ್ನೇ ಹಿಡಿದ. ಮೊದಲನೆಯವನಿಗೆ ಮೊಣಕೈ ತಪ್ಪಿತು. ಎರಡನೆಯವನಿಗೆ ತೋಳು, ಬೆನ್ನು, ಕಾಲು ಎಲ್ಲ ಸರಿಹೋಯಿತು. ಗಾರ್ತ್ "ಇವನೇ!" ಅಂತ ಮೊಣಕಾಲೂರಿಬಿಟ್ಟ. ಅಣ್ಣ ಎರಡು ಭುಜಕ್ಕೂ ಕೈಯಿಟ್ಟು ನೋಡಿ ತಲೆ ಅಲ್ಲಾಡಿಸಿದ. ಮೂರನೆಯವನ ಹತ್ತಿರ ಹೋದ. ತೋಳು ಸರಿ, ಬೆನ್ನು ಸರಿ. ಎಡ ಭುಜದ ಮೇಲೆ ಕೈಯಿಟ್ಟವನು ತೆಗೆಯಲಿಲ್ಲ.

"ಇವನು ಏಸಾ."

"ಹೇಗೆ ಹೇಳ್ತೀಯ? ಅವನಿಗೂ ಎಲ್ಲ ಸರಿಹೋಯ್ತಲ್ಲ!"

"ಇವನಿಗೆ ಎಡ ಭುಜ ಹೆಬ್ಬೆರಳಗಲ ಕೆಳಗಿದೆ."

"ಸುಳ್ಳು. ನನ್ನ ಮಗ ನೆಟ್ಟಗಿದ್ದ. ಇಡೀ ಊರು ನೋಡಿದೆ."

"ಊರು ನೋಡಿದ್ದು ನಾನು ತುಂಬಿದ ಉಣ್ಣೆ." ಅಣ್ಣ ಎದ್ದು ನಿಂತ. ಹುಡುಗನಿಗೆ ಕೊಟ್ಟ ಮಾತು ಅವನಿಗೆ ನೆನಪಿತ್ತು, ನನಗೂ ನೆನಪಿತ್ತು. ನಾನು ಅವನ ತೋಳು ಹಿಡಿದೆ. ಬಿಡಿಸಿಕೊಂಡ. "ಹನ್ನೊಂದು ವರ್ಷದೋನಿದ್ದಾಗ ಹಡಗಿನ ಕಂಬ ಹತ್ತಿಸಿದ್ರಲ್ಲ. ಅತ್ತರೆ ಮತ್ತೆ ಹತ್ತಿಸ್ತೀನಿ ಅಂದ್ರಲ್ಲ. ಆ ಮೂಳೆ ಇದು. ಹತ್ತು ವರ್ಷ ನಿಮ್ಮ ಜೊತೆ ಒಂದೇ ಮೇಜಲ್ಲಿ ಉಂಡ. ನಿಮಗೆ ಕಾಣ್ಲಿಲ್ಲ. ನನಗೆ ಒಂದು ಕಚ್ಚು ಹಾಕೋಷ್ಟ್ರಲ್ಲಿ ಕಾಣ್ತು."

ಗಾರ್ತ್ ಆ ಸೊಟ್ಟ ಮೂಳೆಯ ಮೇಲೆ ತನ್ನ ಬೆರಳಿಟ್ಟು, ಒತ್ತಿ, ತೆಗೆದು, ಮತ್ತೆ ಇಟ್ಟ. ಪಾದ್ರಿಗಳು ಮುಖ ತಿರುಗಿಸಿಕೊಂಡರು. ನಾನು ತಿರುಗಿಸಲಿಲ್ಲ. ಹದಿನೇಳು ವರ್ಷ ಕಾದಿದ್ದೆ, ಕಣ್ಣುತುಂಬ ನೋಡಿದೆ.

ನಮ್ಮಲ್ಲಿ ಹೆಣಕ್ಕೆ ಬಿಳಿ ಬಟ್ಟೆ ಸುತ್ತುವುದು ರೂಢಿ. ಸೋಮವಾರ ಬೆಳಗ್ಗೆ ಗಾರ್ತ್‌ನ ಆಳು ನೀಲಿ ಕೋಟು ತಂದ. ಯಜಮಾನರು ಇದನ್ನಿನ್ನು ತೊಡುವುದಿಲ್ಲವಂತೆ, ಮಗನ ಅಳತೆಗೆ ಇಳಿಸಿ ಹೊಲಿಯಬೇಕಂತೆ, ಮಗ ಅದನ್ನೇ ತೊಟ್ಟು ಮಣ್ಣಿಗೆ ಹೋಗಲಂತೆ. ಅಣ್ಣ ಬಹಳ ಹೊತ್ತು ಕೋಟನ್ನು ನೋಡಿ, "ಹೊಲೀತೀನಿ ಅಂತ ಹೇಳು," ಅಂದ.

ಹದಿನೇಳು ವರ್ಷದ ಹಿಂದೆ ನಾನು ಹಾಕಿದ ಅಸ್ತರಿನ ಹೊಲಿಗೆಯನ್ನು ನಾನೇ ಬಿಚ್ಚಿದೆ. ಅಣ್ಣ ತುಂಡುಗಳನ್ನು ಹಲಗೆಯ ಮೇಲೆ ಹರಡಿ, ಕಂದು ನೂಲಿನ ಪಟ್ಟಿ ಇಟ್ಟು, ದೊಡ್ಡ ಕತ್ತರಿ ಹಿಡಿದ. ದಪ್ಪ ಅಪ್ಪನ ಕೋಟಿನಿಂದ ತೆಳ್ಳಗಿನ ಮಗನ ಕೋಟು. ಚೂರು ಬೀಳುತ್ತಲೇ ಹೋಯಿತು. ಅಷ್ಟು ಚೂರು ಆ ಮನೆಯಲ್ಲಿ ನಾನು ಎಂದೂ ಕಂಡಿರಲಿಲ್ಲ.

"ಭುಜಕ್ಕೆ ಉಣ್ಣೆ ಕೊಡ್ಲಾ?" ಅಂದೆ.

"ಬೇಡ."

"ಅಣ್ಣ, ನಾಳೆ ಜನ ನೋಡ್ತಾರೆ."

"ನೋಡ್ಲಿ."

ಮಂಗಳವಾರ ಶವಪೆಟ್ಟಿಗೆಯನ್ನು ಹುಲ್ಲುಬಯಲಿನಲ್ಲಿಟ್ಟು ಮುಚ್ಚಳ ತೆಗೆದಿದ್ದರು. ಮುಖದ ಮೇಲೆ ಬಿಳಿ ವಸ್ತ್ರ. ಕೆಳಗೆ ನೀಲಿ ಕೋಟು ಮೈಗೆ ಅಂಟಿಕೊಂಡ ಹಾಗೆ ಕೂತಿತ್ತು, ಎಡ ಭುಜ ಹೆಬ್ಬೆರಳಗಲ ಕೆಳಗೆ. ಒಬ್ಬೊಬ್ಬರೇ ಬಂದು ನೋಡಿದರು, ಆಮೇಲೆ ಗಾರ್ತ್‌ನ ಮುಖ ನೋಡಿದರು. ಕಂಬ ಹತ್ತಿಸಿದ ಕತೆ ಅಷ್ಟರಲ್ಲಿ ಊರೆಲ್ಲ ಹಬ್ಬಿತ್ತು. ಪಾದ್ರಿಗಳು ಹೇಳಿರಲಾರರು. ಹೇಳಿದವಳು ನಾನು.

ಮಣ್ಣು ಹಾಕಿ ಎಲ್ಲರೂ ಹುಲ್ಲುಬಯಲಿಗೆ ವಾಪಸು ಬಂದ ಮೇಲೆ ಅಣ್ಣ ಕಂಕುಳಿನಿಂದ ಒಂದು ಗಂಟು ತೆಗೆದು, ಜನರ ನಡುವೆ ನಡೆದುಹೋಗಿ ಗಾರ್ತ್‌ನ ಮುಂದೆ ಹಿಡಿದ. ಈಗ ಅಣ್ಣ ನಿಂತ ಜಾಗ ಅವತ್ತು ತಾನು ಎದೆಗೆ ಚೂರು ಚುಚ್ಚಿಕೊಂಡು ನಿಂತಿದ್ದ ಜಾಗದಿಂದ ಹತ್ತು ಹೆಜ್ಜೆಯೂ ದೂರ ಇರಲಿಲ್ಲ.

"ಉಳಿದ ಬಟ್ಟೆ ಸಾಹುಕಾರ್ರೇ. ಎಲ್ಲಾ ಇದೆ, ನೂಲಿನ ಎಳೆ ಸಮೇತ. ಮನೇಲಿ ಬಿಚ್ಚಿ ನೋಡ್ಕೊಳ್ಳಿ."

ಗಾರ್ತ್ ಎರಡು ಕೈಯಲ್ಲೂ ಗಂಟು ತೆಗೆದುಕೊಂಡ. ಎಲ್ಲಿಡಬೇಕು ಅಂತ ತಿಳಿಯದೆ ಎದೆಗೊತ್ತಿಕೊಂಡು ಬರೀ ಅಂಗಿಯಲ್ಲೇ ಆ ಚಳಿಯಲ್ಲಿ ಮನೆ ಕಡೆ ನಡೆದ. ಅಣ್ಣ ಅವನ ಬೆನ್ನನ್ನು ತಿರುವಿನ ತನಕ ನೋಡಿದ.

ಮೇಣದ ಪಟ್ಟಿಗಳನ್ನು ಅಣ್ಣ ಸುಡುತ್ತಾನೆ ಅಂದುಕೊಂಡಿದ್ದೆ. ಸುಡಲಿಲ್ಲ. ಊರಿನವರೆಲ್ಲರ ಜೊತೆ ಅವನ್ನೂ ಮೊಳೆಗೆ ಸಿಕ್ಕಿಸಿದ. ಏಸಾನದನ್ನು ಮಾತ್ರ ಯಾವಾಗಲೋ ತೆಗೆದಿಟ್ಟುಕೊಂಡಿದ್ದ. ಅಣ್ಣ ಸತ್ತ ದಿನ ಅವನ ಒಳಕೋಟಿನ ಅಸ್ತರಿನಲ್ಲಿ ನನ್ನ ಕೈಗೆ ಸಿಕ್ಕಿದ್ದು ಅದು.

ಊರಿನವರು ಆ ಚಳಿಗಾಲದಿಂದಲೇ ಬದಲಾದರು. ಬಟ್ಟೆ ಬಿಟ್ಟು ಹೋಗತೊಡಗಿದರು. ಅಳತೆಗೆ ನಿಂತಾಗ ಹವೆ, ಮೀನು, ಮಕ್ಕಳು ಅಂತ ಮಾತು ತೆಗೆಯುತ್ತಿದ್ದರು. ಮೊದಲು ಬಂದವರಲ್ಲಿ ಮೆಹಿಟಬೆಲ್ ಒಬ್ಬಳು. ಹೈರಮ್‌ಗೆ ಚಡ್ಡಿ ಹೊಲಿಸಬೇಕಿತ್ತು. ವಾರ ಬಿಟ್ಟು ಬಂದಾಗ ಅಣ್ಣ ಚಡ್ಡಿ ಕೊಟ್ಟು, ಮೇಲೆ ಪೊಟ್ಟಣ ಇಟ್ಟ.

"ಚೂರು ನೀನೇ ಇಟ್ಕೋ ಎನಾಕ್," ಅಂದಳು. "ಈಗ ಯಾರೂ ಏನೂ ಅನ್ನಲ್ಲ."

"ಇನ್ನೊಬ್ಬರ ಬಟ್ಟೆ ನನಗ್ಯಾಕಮ್ಮ? ತಗೊಂಡು ಹೋಗು."

"ನಾನು ಕೇಳ್ಲಿಲ್ವಲ್ಲ."

"ಅವತ್ತೂ ನೀನೇನೂ ಕೇಳ್ಲಿಲ್ಲ," ಅಂದ ಅಣ್ಣ, ಸೂಜಿಗೆ ನೂಲು ಪೋಣಿಸಿಕೊಳ್ಳುತ್ತ.

ಮೆಹಿಟಬೆಲ್ ಪೊಟ್ಟಣ ಎತ್ತಿಕೊಂಡು ಹೋದಳು. ಸಾಯುವ ತನಕ ಅಣ್ಣ ಆ ಊರಿನ ಒಬ್ಬರನ್ನೂ ಪೊಟ್ಟಣವಿಲ್ಲದೆ ಕಳಿಸಲಿಲ್ಲ.